ಒದ್ದೆ ಹತ್ತಿ

ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ಐಸಿಯು ಬಾಗಿಲ ಪಕ್ಕದ ಕೌಂಟರಿನಲ್ಲಿ ಕೂತು, ಒಳಗಿರುವವರ ಸುದ್ದಿಯನ್ನು ಹೊರಗೆ ಕಾಯುವವರಿಗೆ ಮುಟ್ಟಿಸುವುದು ನನ್ನ ಕೆಲಸ. ನಾಲ್ಕು ಜನ ಒಟ್ಟಿಗೆ ನೋಡಿದರೆ ಮಾತು ಮರೆಯುವ ನನಗೆ ಬಿ.ಕಾಂ. ಮುಗಿಸಿದ ಮೇಲೆ ಸಿಕ್ಕಿದ್ದು ಇದೇ. ಆಗ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ಅಫ್ರೀನ್, ಮೊದ್ಲು ಮೈಂಡ್‌ಸೆಟ್ ಚೇಂಜ್ ಮಾಡ್ಕೋ," ಎಂದಿದ್ದರು ನನ್ನ ಮೇಲಧಿಕಾರಿ ಹರ್ಷಿತಾ ಮೇಡಂ. "ಎಲ್ರೂ ನನ್ನೇ ನೋಡ್ತಿದಾರೆ ಅಂದ್ಕೊಂಡು ಸಾಯ್ತೀಯ. ನಿನ್ ಮುಖ ಅವ್ರಿಗೆ ನೆನಪೂ ಇರಲ್ಲ ಕಣೆ. ಅವ್ರಿಗೇನು ಬೇಕು, ಅದನ್ನ ನೋಡು." ಜೊತೆಗೆ, ನನಗೆ ಸುಲಭವಾಗಲೆಂದು ಒಂದು ವಾಕ್ಯವನ್ನೂ ಕೊಟ್ಟರು: 'ಚಿಕಿತ್ಸೆಗೆ ಸ್ಪಂದಿಸ್ತಿದಾರೆ.' ಮೊದಲಿನ ಮಾತು ಮರೆತೆ. ವಾಕ್ಯದ ಹಿಂದೆ ಅವಿತುಕೊಂಡೆ.

ಆ ದಿನ ಬೆಳಿಗ್ಗೆ ನರ್ಸ್ ಮಾಲಾ, ಅಟ್ಟೂರಿನ ಬೈರಣ್ಣನವರಿಗೆ ಕಾಯಿಲೆ ಜೋರಾಗಿದೆ, ಎರಡು ಚಮಚ ಗಂಜಿಗೇ ಸುಸ್ತಾದರು ಎಂದಿದ್ದಳು. ಆದರೂ ಅವರ ಹೆಂಡತಿ ಮಾರಕ್ಕಜ್ಜಿ ಕೌಂಟರಿಗೆ ಬಂದಾಗ ನಾನು ಆ ವಾಕ್ಯವನ್ನೇ ಹೇಳಿದೆ. ಆಕೆಯ ಕೈಯಲ್ಲಿ ಹಿತ್ತಾಳೆ ಚೊಂಬಿತ್ತು.

"ನಿನ್ನೇನೂ ಇಂಗೇ ಅಂದೆ. ಬಾಯಾಗೆ ಬೆಲ್ಲ ಮಡಿಕಂಡಿದ್ದೀಯೇನವ್ವ, ಬ್ಯಾರೆ ಮಾತೇ ಬರಾಕಿಲ್ವಾ?"

ಪಕ್ಕದವರು ನಕ್ಕರು. ನನ್ನ ಕಿವಿ ಬಿಸಿಯಾಯಿತು.

"ಜೀವ ಓಗೋಕ್ ಮುಂಚೆ ಬಾಯ್ಗೆ ನೀರು ಬುಡ್ಬೇಕು ಮಗಾ. ನಮ್ಮತ್ತೆ ಮಾವಂಗೆಲ್ಲ ನಾನೇ ಬುಟ್ಟಿದ್ದು. ಆ ಒತ್ತು ಬಂದ್ರೆ ಯೋಳ್ಬುಡು, ಅಷ್ಟೇಯ."

"ಸ್ಪಂದಿಸ್ತಿದಾರೆ ಅಜ್ಜಿ."

ಆಕೆ ಬೆಂಚಿಗೆ ಮರಳಿದಳು. ನಮ್ಮಜ್ಜಿ ತೀರಿಕೊಳ್ಳುವಾಗ ಅಮ್ಮಿ ಚಮಚದಲ್ಲಿ ಮೆಕ್ಕಾದಿಂದ ತಂದ ಜಮ್‌ಜಮ್ ನೀರು ಹಾಕಿದ್ದು, ಒಂದು ಹನಿ ಗಲ್ಲಕ್ಕೆ ಜಾರಿದ್ದು ನೆನಪಾಯಿತು. ಆದರೂ ಕೂತೇ ಇದ್ದೆ.

ಮಧ್ಯಾಹ್ನ ಮಾಲಾ ಹೊರಗೆ ಬಂದು ಪಿಸುಗುಟ್ಟಿದಳು: "ಬೈರಣ್ಣನವ್ರಿಗೆ ಉಸಿರಿನ ಟ್ಯೂಬ್ ಹಾಕಿದ್ವಿ ಕಣೆ. ಬಿಪಿ ನಿಲ್ತಾನೇ ಇಲ್ಲ."

ಅಜ್ಜಿ ಚೊಂಬಿಗೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ಆಕೆ ನನ್ನನ್ನು ನೋಡುತ್ತಿರಲಿಲ್ಲ, ಬಾಗಿಲನ್ನು ನೋಡುತ್ತಿದ್ದಳು. ಮೇಡಂ ಹೇಳಿದ ಮೊದಲಿನ ಮಾತು ಆಗ ತಾಗಿತು. ಹೆದರಿಕೆ ಹೋಗಲಿಲ್ಲ. ಆದರೆ ಅಷ್ಟು ಹೊತ್ತೂ ನನಗಾಗಿ ಹೆದರುತ್ತಿದ್ದವಳು ಈಗ ಆಕೆಗಾಗಿ ಹೆದರಿದೆ.

ಎದ್ದು ಒಳಗೆ ಹೋದೆ. "ಸರ್, ಬೈರಣ್ಣನವ್ರ ಮನೆಯವ್ರಿಗೆ ಹೇಳಿದೀರಾ?"

"ರೌಂಡ್ಸ್ ಮುಗಿಸಿ ಹೇಳ್ತೀನಿ," ಎಂದರು ಡಾಕ್ಟರು.

"ಅಷ್ಟು ಹೊತ್ತು ಇದ್ಯಾ ಸರ್?"

ಅವರು ಮಾನಿಟರ್ ಕಡೆ ನೋಡಿದರು. "ಇಲ್ಲ. ಕರ್ಕೊಂಡ್ಬನ್ನಿ."

ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಅಜ್ಜಿ, ಅವ್ರು ಉಳಿಯಲ್ಲ. ಬನ್ನಿ, ನೀರು ಬಿಡೋ ಹೊತ್ತು."

ಆಕೆ ಅಳಲಿಲ್ಲ. "ಯೋಳ್ದಲ್ಲ, ಬುಡು," ಎನ್ನುತ್ತ ನನ್ನ ಹೆಗಲು ಹಿಡಿದು ಎದ್ದಳು.

ಬೈರಣ್ಣನವರ ಬಾಯಿ ತುಂಬ ಟ್ಯೂಬು, ಅದರ ಮೇಲೆ ಪ್ಲಾಸ್ಟರು. ನೀರು ಬಿಡುವಂತಿರಲಿಲ್ಲ. ಅಜ್ಜಿ ಚೊಂಬು ಎತ್ತಿ ಟ್ಯೂಬಿನ ಪಕ್ಕದಲ್ಲಿ ಜಾಗ ಹುಡುಕಿದಳು. ಅದನ್ನು ಆಕೆಯ ಕೈಯಿಂದ ತೆಗೆದುಕೊಂಡೆ. ಮಾಲಾ ಹತ್ತಿಯ ಉಂಡೆಯೊಂದನ್ನು ಅದ್ದಿ ಕೊಟ್ಟಳು. ಅಜ್ಜಿ ಅದನ್ನು ಒತ್ತಿದಾಗ ತುಟಿಯ ಒಂದು ಮೂಲೆ ಒದ್ದೆಯಾಯಿತು, ಅಷ್ಟೇ.

"ಬೆಳಗ್ಗೆ ಬಾಯ್ ತೆರೀತಿದ್ರಾ ಮಗಾ?"

ಇಲ್ಲ ಎನ್ನುವುದು ಸುಲಭವಿತ್ತು.

"ಹೂಂ ಅಜ್ಜಿ. ಗಂಜಿ ಕುಡಿದ್ರು."

ಆಕೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಗ್ಗಿಸಲಿಲ್ಲ. ಆಮೇಲೆ ಹತ್ತಿಯನ್ನು ಮತ್ತೆ ಅದ್ದಲು ಕೈ ಚಾಚಿದಳು. ಚೊಂಬನ್ನು ಹತ್ತಿರ ಹಿಡಿದೆ.