ಬಾಜೂ ಖೋಲಿಯ ಅಪ್ಪ

ಸಾಯಬಣ್ಣ ಕಟ್ಟಡದ ಮೇಲಿಂದ ಬಿದ್ದು ಸತ್ತ ವರ್ಷವೇ ಅವನ ಗೆಳೆಯ ಹಣಮಂತ ಬೇರೊಬ್ಬಳನ್ನು ಕಟ್ಟಿಕೊಂಡು ಓಡಿಹೋದ. ಸಿಂದಗಿ ಕಡೆಯಿಂದ ಅವರೊಂದಿಗೆ ಮುಂಬಯಿಗೆ ಬಂದಿದ್ದ ಹೆಂಡಂದಿರಿಬ್ಬರೂ ಊರಿಗೆ ಮರಳಲಿಲ್ಲ. ಸಾಯಬಣ್ಣನ ಹೆಂಡತಿ ಮಲ್ಲಕ್ಕ, ಹಣಮಂತನ ಹೆಂಡತಿ ಸುಂದ್ರವ್ವ ಸೇರಿ ಕುರ್ಲಾದ ಚಾಳಿನಲ್ಲಿ ಒಂದೇ ಖೋಲಿ ಹಿಡಿದರು. ಮಲ್ಲಕ್ಕ ಹಗಲೆಲ್ಲ ಮರಳು, ಇಟ್ಟಿಗೆ ಹೊರುತ್ತಿದ್ದಳು. ಸುಂದ್ರವ್ವ ಬೆಳಿಗ್ಗೆ ಹತ್ತಿರದ ಸಯನ್ ಬಡಾವಣೆಯ ಮನೆಗಳಲ್ಲಿ ಪಾತ್ರೆ ತಿಕ್ಕಿ, ಮಕ್ಕಳು ಸಾಲೆಯಿಂದ ಬರುವಷ್ಟರಲ್ಲಿ ರೊಟ್ಟಿ ಬಡಿದಿಡುತ್ತಿದ್ದಳು. ಮಲ್ಲಕ್ಕನ ಮಗಳು ಸೇವಂತಿ, ಸುಂದ್ರವ್ವನ ಮಗಳು ಕಸ್ತೂರಿ. ಇಬ್ಬರಿಗೂ ಮಲ್ಲಕ್ಕ ದೊಡ್ಡವ್ವ, ಸುಂದ್ರವ್ವ ಸಣ್ಣವ್ವ. ಯಾರ ಮಗಳು ಯಾರೆಂಬುದು ನೆರೆಯವರಿಗೂ ಮರೆತುಹೋಗಿತ್ತು.

ಎಂಬತ್ತೆಂಟರ ದೀಪಾವಳಿ ಮುಗಿದ ಮೇಲೆ ಹಣಮಂತ ಬಾಳೆಹಣ್ಣು ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಆ ಹೆಂಗಸು ಬಿಟ್ಟುಹೋಗಿದ್ದಳಂತೆ. ಬೊರಿವಲಿಯ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಕೆಲಸ, ಇರಲು ಜಾಗವೂ ಇತ್ತು.

"ತಪ್ಪಾಗೇದ. ನಿಮ್ಮನ್ನ ಕರ್ಕೊಂಡ ಹೋಗಾಕ ಬಂದೀನಿ," ಎಂದ.

ಸುಂದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಾಗಿಲಿಗೆ ಬಂದ ಚಾಳಿನ ಹಿರಿಯ ಕಾಂತಪ್ಪ, "ಗಂಡಸಿಲ್ಲದ್ದು ಎಂಥಾ ಮನಿ? ಹೋಗವ್ವ," ಎಂದ. ಮಲ್ಲಕ್ಕನಿಗೆ ಅವರನ್ನು ಕಳಿಸಲು ಮನಸ್ಸಿರಲಿಲ್ಲ. ಆದರೂ ಕೂಸಿಗೆ ಅಪ್ಪ ಸಿಗುವಾಗ ತಾನು ಅಡ್ಡ ಬರಬಾರದೆಂದು, ತಾನೇ ಕೈಯಾರೆ ಅವರ ಗಂಟು ಕಟ್ಟಿಕೊಟ್ಟಳು.

ಅವರು ಹೋದಮೇಲೆ ಸೇವಂತಿಯನ್ನು ನೋಡಿಕೊಳ್ಳುವವರಿಲ್ಲ. ಒಂಟಿ ಹುಡುಗಿಯನ್ನು ಖೋಲಿಯಲ್ಲಿ ಬಿಡಲು ಹೆದರಿ ಮಲ್ಲಕ್ಕ ಕೆಲಸದ ಜಾಗಕ್ಕೇ ಕರೆದೊಯ್ಯತೊಡಗಿದಳು. ಸಾಲೆ ತಪ್ಪಿತು. ಓದುವ ಹುಡುಗಿ ಮರಳಿನ ಗುಡ್ಡೆಯ ಮೇಲೆ ಮೋಟುಗೋಡೆ ನೋಡುತ್ತ ಕೂತಿರುತ್ತಿದ್ದಳು. "ಸಣ್ಣವ್ವ ಯಾವಾಗ ಬರ್ತಾಳ?" ಎಂದು ಕೇಳುವುದನ್ನೂ ಕ್ರಮೇಣ ಬಿಟ್ಟಳು. ಅದೇ ಮಲ್ಲಕ್ಕನಿಗೆ ಹೆಚ್ಚು ನೋವು ಕೊಟ್ಟಿತು.

ಒಂದು ಭಾನುವಾರ ತಡೆಯಲಾರದೆ ಮಗಳೊಂದಿಗೆ ಬೊರಿವಲಿಗೆ ಹೋದಳು. ಬಿಲ್ಡಿಂಗಿನ ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ ಕಸ್ತೂರಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೇವಂತಿಯ ದನಿ ಕೇಳಿದ್ದೇ ಎದ್ದು ಬಂದು ಅವಳನ್ನು ತಬ್ಬಿಕೊಂಡಳು.

ಹಣಮಂತ ತಲೆ ತಗ್ಗಿಸಿ, "ಅಪ್ಪಾ ಅನ್ನು ಅಂದ್ರ ಅಂಕಲ್ ಅಂತಾಳ, ಮಲ್ಲಕ್ಕ. ಒಂದ ತುತ್ತು ಸರಿಯಾಗಿ ತಿನ್ನಂಗಿಲ್ಲ," ಎಂದ.

"ನಿನ್ನ ಮಾರಿ ಆಕಿ ಎಲ್ಲಿ ನೋಡ್ಯಾಳೋ? ನೀ ಹೋದಾಗ ಅಂಬೆಗಾಲ ಇಡ್ತಿದ್ಳು," ಎಂದಳು ಮಲ್ಲಕ್ಕ.

ಸುಂದ್ರವ್ವ ಒಲೆ ಆರಿಸಿ ಎದ್ದು ಗಂಡನ ಎದುರು ನಿಂತಳು. "ನೀ ಕರದಿ, ನಾ ಬಂದೆ. ಅಲ್ಲೂ ಒಂದ ಕೂಸು ಸೊರಗಾಕ ಹತ್ತೇದ. ಈಗ ನಾ ಕರೀತೀನಿ, ನೀ ಬಾ. ಮನಿ ಅಲ್ಲೇ ಅದ."

ಹಣಮಂತನಿಗೆ ಮೊದಲು ಸಿಟ್ಟು ಬಂತು. ಆಮೇಲೆ ತಬ್ಬಿಕೊಂಡೇ ಕೂತಿದ್ದ ಮಕ್ಕಳನ್ನು ನೋಡಿ ತಾನೇ ಅವರ ಗಂಟು ಎತ್ತಿ ಹೊರಗಿಟ್ಟ. ಹೆಂಗಸರು, ಮಕ್ಕಳು ಅಂದೇ ಸಂಜೆ ಲೋಕಲ್ ರೈಲು ಹತ್ತಿದರು. ಅವನು ತಿಂಗಳು ಮುಗಿಸಿ ಹಿಂದಿನಿಂದ ಬಂದ. ಕುರ್ಲಾದ ಗೋದಾಮಿನಲ್ಲಿ ಹಮಾಲಿ ಕೆಲಸ ಹಿಡಿದು, ಪಕ್ಕದ ಖೋಲಿ ಖಾಲಿಯಾದಾಗ ಅದನ್ನೂ ಬಾಡಿಗೆಗೆ ಪಡೆದ. ಒಲೆ ಮಾತ್ರ ಒಂದೇ ಉಳಿಯಿತು. ಇದೆಂಥಾ ಮನಿ ಎಂದು ಕಾಂತಪ್ಪ ಗೊಣಗಿದ, ಯಾರೂ ಕಿವಿಗೊಡಲಿಲ್ಲ. ಕಸ್ತೂರಿ ಹಣಮಂತನನ್ನು "ಬಾಜೂ ಖೋಲಿ ಅಂಕಲ್" ಎನ್ನುತ್ತಿದ್ದಳು. ಅವನು ತಿದ್ದಲು ಹೋಗಲಿಲ್ಲ.

ಜೂನ್‌ನಲ್ಲಿ ಸಾಲೆ ಶುರುವಾಯಿತು. ಮೊದಲ ಮಳೆಯ ಬೆಳಿಗ್ಗೆ ಹಣಮಂತ ಇಬ್ಬರನ್ನೂ ಬಿಟ್ಟುಬರಲು ಹೊರಟ. ಮಲ್ಲಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನೀರು ತುಂಬಿದ ಗಲ್ಲಿಯಲ್ಲಿ ಸೇವಂತಿ ಅವನ ಬೆರಳು ಹಿಡಿದಿದ್ದಳು. ಕಸ್ತೂರಿ ಸೇವಂತಿಯ ಇನ್ನೊಂದು ಕೈ ಹಿಡಿದು ನಡೆಯುತ್ತಿದ್ದಳು.