ಭೀಮನ ಎದೆನೋವು

ಹತ್ತಿ ಮಂಡಿಯ ಕಲ್ಲೇಶಪ್ಪನಿಗೆ ಭೀಮನ ಪಾರ್ಟು ಸಿಕ್ಕಿದ್ದು ದಾವಣಗೆರೆ ಪೇಟೆಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಆಳು ಅಂದರೆ ಆಳು. ಬಾಗಿಲಿಗೆ ಅಡ್ಡ ನಿಂತರೆ ಮಂಡಿಯೊಳಗೆ ಬೆಳಕು ಬೀಳುತ್ತಿರಲಿಲ್ಲ. ಪ್ರತಿ ನಾಟಕದಲ್ಲೂ ದ್ವಾರಪಾಲಕನಾಗಿ ಈಟಿ ಹಿಡಿದು ನಿಂತೂ ನಿಂತೂ ಸಾಕಾಗಿದ್ದವನಿಗೆ ಲಿಂಗಣ್ಣ ಮಾಸ್ತರು ಈ ಸಲ ಗದೆ ಕೊಟ್ಟಿದ್ದರು. ಆಟ ಹರಿಹರದಲ್ಲಿ. ಆನೆಕೊಂಡದಿಂದ ಭಾನುವಳ್ಳಿಯವರೆಗೆ ನೆಂಟರಿಷ್ಟರಿಗೆಲ್ಲ ಅವನೇ ಹೇಳಿ ಕಳಿಸಿದ್ದ.

ಗದೆಗಿಂತ ದೊಡ್ಡದು ಶಪಥದ ಮಾತು. ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈಹಾಕಿದ ದುಶ್ಶಾಸನನನ್ನು ನೋಡಿ ಭೀಮ ಎದೆ ಗುದ್ದಿಕೊಂಡು ಅಬ್ಬರಿಸಬೇಕು. ಗುದ್ದು ಹಿಂದಿನ ಸಾಲಿಗೂ ಕೇಳಬೇಕು ಅಂತ ಮಾಸ್ತರು ಅಂದದ್ದೇ ತಡ, ಕಲ್ಲೇಶಪ್ಪ ತಾಲೀಮಿನಲ್ಲಿ ಗುದ್ದಿಕೊಂಡ, ಮಂಡಿಯಲ್ಲಿ ಗುದ್ದಿಕೊಂಡ, ಗಿರಾಕಿಗಳ ಮುಂದೆಯೂ ಗುದ್ದಿಕೊಂಡ. ಹತ್ತಿ ಕೊಳ್ಳಲು ಬಂದವರು ಎರಡು ಹೆಜ್ಜೆ ಹಿಂದೆ ಸರಿದು ದರ ಕೇಳುತ್ತಿದ್ದರು.

ಆಟಕ್ಕೆ ಇನ್ನೊಂದು ವಾರ ಇದೆ ಅನ್ನುವಾಗ ನೋವು ಶುರುವಾಯಿತು. ಎದೆಯ ಎಡಗಡೆ, ದಬ್ಬಣ ಚುಚ್ಚಿದ ಹಾಗೆ. ಉಸಿರೆಳೆದರೆ ಚಳಕು, ಕೆಮ್ಮಿದರೆ ಚಳಕು. ಕಲ್ಲೇಶಪ್ಪನ ಜೀವ ಬಾಯಿಗೆ ಬಂತು. ಹೋದ ವರ್ಷ ಅವನ ಅಣ್ಣ ಹಾಲೇಶಪ್ಪ ಅದೇ ಮಂಡಿಯಲ್ಲಿ ಹತ್ತಿ ಅಂಡಿಗೆಯ ಮೇಲೆ ಕೂತವನು ಎದೆ ಹಿಡಿದುಕೊಂಡು ಒರಗಿದ್ದ; ನೀರು ತರುವಷ್ಟರಲ್ಲಿ ಶಿವನ ಪಾದ ಸೇರಿದ್ದ. ಈಗ ನನ್ನ ಸರದಿ ಅಂದುಕೊಂಡ ಕಲ್ಲೇಶಪ್ಪ. ಯಾರಿಗಾದರೂ ಹೇಳಿದರೆ ಗದೆ ಕಸಿದುಕೊಂಡು ಹಾಸಿಗೆಗೆ ಹಾಕುತ್ತಾರೆ. ಭೀಮನ ಪಾರ್ಟು ಮಾಡಿಯೇ ಸಾಯುವುದು ಅಂತ ಹಟ ಹಿಡಿದ.

ಮರುದಿನ ಸ್ನಾನ ಮಾಡಿ ಲಿಂಗಪೂಜೆಗೆ ಕೂತಾಗ ನೋವಿದ್ದ ಜಾಗದಲ್ಲಿ ರೂಪಾಯಿಯಗಲ ಕಪ್ಪು ಕಂಡಿತು. ಒಳಗೆ ಹೃದಯ ಒಡೆದು ರಕ್ತ ಹೊರಗೆ ಇಣುಕುತ್ತಿದೆ ಅಂತ ಪುಣ್ಯಾತ್ಮ ತೀರ್ಮಾನ ಮಾಡಿಬಿಟ್ಟ. ತಾನೇ ರೋಗಿ, ತಾನೇ ಡಾಕ್ಟರು! ಪೂಜೆ ಮುಗಿಸಿ, ಲಿಂಗವನ್ನು ಅಪ್ಪನ ಕಾಲದ ಬೆಳ್ಳಿ ಕರಡಿಗೆಯೊಳಗಿಟ್ಟು, ಕರಡಿಗೆಯನ್ನು ಎಂದಿನಂತೆ ಎದೆಯ ಮೇಲೆ ಇಳಿಬಿಟ್ಟು, ಅದರ ಮೇಲೆ ಅಂಗಿ ಹಾಕಿಕೊಂಡು ತಾಲೀಮಿಗೆ ನಡೆದ. ಮತ್ತೆ ಗುದ್ದಿಕೊಂಡ.

ಹೆಂಡತಿ ಕಸ್ತೂರಮ್ಮನ ಕಣ್ಣಿಗೆ ಮಣ್ಣೆರಚುವುದು ಸುಲಭವೇ? ಗಂಡ ಎಡಮಗ್ಗುಲಿಗೆ ಹೊರಳುತ್ತಿಲ್ಲ, ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟರೆ ಬೇಡ ಅನ್ನುತ್ತಾನೆ. ಏನೋ ಇದೆ ಅಂತ ಕಾಯುತ್ತಿದ್ದಳು. ಆಟದ ದಿನ ಮಧ್ಯಾಹ್ನ ಹರಿಹರದ ಸ್ಟೇಷನ್ನಿನಲ್ಲಿ ವೇಷದ ಟ್ರಂಕು ಎತ್ತಲು ಬಾಗಿದ ಕಲ್ಲೇಶಪ್ಪ ಎದೆ ಹಿಡಿದು ನಿಂತುಬಿಟ್ಟ. ಭಾವನೂ ಹೀಗೇ ಹಿಡಿದುಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಟ್ರಂಕನ್ನು ಅಲ್ಲೇ ಬಿಟ್ಟು ಅವನ ರಟ್ಟೆ ಹಿಡಿದಳು. ನಾಟಕ ಮುಗಿಯುವವರೆಗೆ ಯಾರಿಗೂ ಹೇಳಬೇಡ ಅಂತ ಅವನು ಗೋಗರೆದ.

"ಭೀಮ ಹೋದ್ರೆ ಮಾಸ್ತರಿಗೆ ಇನ್ನೊಬ್ಬ ಸಿಗ್ತಾನೆ. ನನಗೆ ನೀವು ಎಲ್ಲಿ ಸಿಗ್ತೀರಿ? ನಡೀರಿ," ಅಂದಳು.

ಸ್ಟೇಷನ್ನಿನ ಹತ್ತಿರವೇ ಡಾಕ್ಟರು ಬಕ್ಕೇಶಪ್ಪನವರ ದವಾಖಾನೆ. ಅವರು ನಿಧಾನದ ಮನುಷ್ಯ. ಮೆಟ್ಟಿಲು ಹತ್ತಿದರೆ ನೋವು ಬರುತ್ತದೆಯೇ, ತೋಳಿಗೆ ಇಳಿಯುತ್ತದೆಯೇ, ಬೆವರುತ್ತದೆಯೇ ಅಂತ ಕೇಳಿದರು. ಇಲ್ಲ, ಇಲ್ಲ, ಇಲ್ಲ. ಹುಳಿತೇಗು, ಜ್ವರ, ಕಫ? ಅದೂ ಇಲ್ಲ. ಎದೆಗೂ ಬೆನ್ನಿಗೂ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು. ಕಸ್ತೂರಮ್ಮ ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದಳು.

ಆಮೇಲೆ ಡಾಕ್ಟರು, ಕರಡಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಳ್ಳಿ ಅಂದರು. ಅವರೂ ಲಿಂಗವಂತರೇ, ಇನ್ನೊಬ್ಬರ ಲಿಂಗ ಮುಟ್ಟುವವರಲ್ಲ. ಅವನು ಎತ್ತಿ ಹಿಡಿದ. ಅವರು ಒಂದೇ ಬೆರಳಿನಿಂದ ಒಂದೊಂದೇ ಪಕ್ಕೆಲುಬನ್ನು ಒತ್ತುತ್ತಾ ಬಂದು, ಆ ಕಪ್ಪಿನ ಮೇಲೆ ಒತ್ತಿದರು. ಕಲ್ಲೇಶಪ್ಪ ಅಬ್ಬರಿಸಿದ ರಭಸಕ್ಕೆ ಹೊರಗೆ ಕೂತವರೆಲ್ಲ ಎದ್ದು ನಿಂತರು.

ಇದೇ ನೋವೇ? ಇದೇ. ಹಾಗಾದರೆ ಕರಡಿಗೆಯನ್ನು ಬಿಡಿ ಅಂದರು ಡಾಕ್ಟರು. ಬಿಟ್ಟ. ಕರಡಿಗೆಯ ಬೆಳ್ಳಿ ಮೊನೆ ನೇರ ಬಂದು ಕಪ್ಪಿನ ಮೇಲೆಯೇ ಕೂತಿತು. ಇಲ್ಲಿ ಗುದ್ದಿದವರು ಯಾರು ಅಂತ ಕೇಳಿದಾಗ ಭೀಮ ತಲೆ ತಗ್ಗಿಸಿದ.

"ಎದೆನೋವೆಲ್ಲ ಹೃದಯದ್ದಲ್ಲ ಕಲ್ಲೇಶಪ್ಪಾರೆ. ಹೊಟ್ಟಿ ಹುಳಿಯಾದ್ರೂ ಬರ್ತೈತೆ, ಪುಪ್ಪುಸದ ಪೊರೆ ಬಾತ್ರೂ ಬರ್ತೈತೆ. ನಿಮ್ದು ಪಕ್ಕೆಲುಬಿಗೆ ಬಿದ್ದ ಪೆಟ್ಟು. ಹೃದಯ ಗಟ್ಟಿ ಐತೆ. ಆದ್ರೆ ಇದನ್ನ ಹೇಳಾಕೆ ನಾನದೀನಿ. ನೀವೇ ಮನ್ಯಾಗೆ ಕುಂತು ತೀರ್ಪು ಕೊಡಬ್ಯಾಡ್ರಿ."

ಕಲ್ಲೇಶಪ್ಪ ನಕ್ಕ. ನಗುತ್ತಾ ಅತ್ತ. ಕಸ್ತೂರಮ್ಮ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ಸಾಯುವುದಿಲ್ಲ! ಅಷ್ಟು ದೊಡ್ಡ ದೇಹದೊಳಗೆ ಹಬ್ಬವೇ ಆಯಿತು. ಆದರೆ ಇವರು ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಸೇರಿಸಿದರು. ಮಾಯುವ ತನಕ ಒಂದು ಗುದ್ದೂ ಕೂಡದು, ಎಲುಬು ಮುರಿದರೆ ಕಷ್ಟ.

ಗುದ್ದಿಲ್ಲದ ಭೀಮ ಒಗ್ಗರಣೆಯಿಲ್ಲದ ಸಾರು ಅಂತ ಲಿಂಗಣ್ಣ ಮಾಸ್ತರು ತಲೆಮೇಲೆ ಕೈಹೊತ್ತು ಕೂತರು. ಕಸ್ತೂರಮ್ಮ ಅದಕ್ಕೆಲ್ಲ ಕಿವಿಗೊಡಲಿಲ್ಲ. ಕರಡಿಗೆಯನ್ನು ತೋಳಿಗೆ ಕಟ್ಟಿಕೊಳ್ಳಲು ಗಂಡನಿಗೆ ಹೇಳಿ, ಮೇಲೆ ಭೀಮನ ಭುಜಕೀರ್ತಿ ಬಿಗಿದು, ಮುಂದಿನ ಸಾಲಿನಲ್ಲಿ ಹೋಗಿ ಕೂತಳು.

ಶಪಥದ ಹೊತ್ತು ಬಂತು. ಜನ ಕಿಕ್ಕಿರಿದಿದ್ದರು. ದುಶ್ಶಾಸನನ ಪಾರ್ಟು ಸೈಕಲ್ ಅಂಗಡಿಯ ಜಾಫರ್‌ನದು. ಸೀರೆಯ ಸೆರಗು ಹಿಡಿದು ಗಹಗಹಿಸುತ್ತಿದ್ದ. ಕಲ್ಲೇಶಪ್ಪನ ರಕ್ತ ಕುದಿಯಿತು, ಮುಷ್ಟಿ ತಾನಾಗಿ ಮೇಲೆದ್ದಿತು. ಮುಂದಿನ ಸಾಲಿನಲ್ಲಿ ಕಸ್ತೂರಮ್ಮ ಅರ್ಧ ಎದ್ದು ನಿಂತದ್ದು ಕಂಡಿತು. ಕೈ ಗಾಳಿಯಲ್ಲೇ ನಿಂತಿತು. ಮಾಸ್ತರು ಹಾರ್ಮೋನಿಯಂ ಎಳೆದೂ ಎಳೆದೂ ಬೆವರಿದರು. ಮಾತು ಮರೆತ ಅಂತ ಹಿಂದಿನಿಂದ ಯಾರೋ ನಕ್ಕರು.

ಕಲ್ಲೇಶಪ್ಪ ಮುಷ್ಟಿ ಬಿಚ್ಚಿದ. ನಿಧಾನವಾಗಿ ದುಶ್ಶಾಸನನ ಹತ್ತಿರ ಹೋಗಿ, ಒಂದೇ ಬೆರಳನ್ನು ಅವನ ಎದೆಯ ಎಡಗಡೆ, ಎರಡು ಪಕ್ಕೆಲುಬುಗಳ ಸಂದಿಗೆ ಇಟ್ಟು ಒತ್ತಿದ.

"ಇಲ್ಲಿ. ಇದೇ ಎಲುಬಿನ ಸಂದಿಯಿಂದ ಬಗೆದು ನಿನ್ನ ನೆತ್ತರು ಕುಡಿಯುತ್ತೇನೆ."

ಅಬ್ಬರಿಸಲಿಲ್ಲ, ಹೇಳಿದ ಅಷ್ಟೆ. ಜಾಫರ್‌ನ ನಗು ನಿಂತೇ ಹೋಯಿತು. ನಾಟಕ ಅನ್ನುವುದನ್ನು ಮರೆತು ಸೆರಗು ಬಿಟ್ಟು ಹಿಂದೆ ಸರಿದ. ಹಿಂದೆ ಕೂತು ನಕ್ಕವರೂ ಮುಂದಕ್ಕೆ ಬಾಗಿದರು. ಆಮೇಲೆ ಚಪ್ಪಾಳೆ ಶುರುವಾಯಿತು ನೋಡಿ, ನಿಲ್ಲಲೇ ಇಲ್ಲ. ಕಸ್ತೂರಮ್ಮ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದಳು.

ಕಲ್ಲೇಶಪ್ಪ ಅಂಗೈಯನ್ನು ಮೆಲ್ಲಗೆ ತನ್ನ ಎದೆಯ ಮೇಲೆ ಇಟ್ಟುಕೊಂಡ. ಒಳಗೆ ದಬದಬ ಬಡಿದುಕೊಳ್ಳುತ್ತಿತ್ತು. ಅದು ಹಿಂದಿನ ಸಾಲಿಗೂ ಕೇಳುತ್ತಿರಬೇಕು ಅನ್ನಿಸಿತು ಅವನಿಗೆ.