ಸತ್ತ ಪಟ್ಟಿ

ಕೋರ್ಟಿನವರ ಮಾತನ್ನು ಮನೆಮಾತಿನ ಹಾಗೆ ನಂಬಬಾರದು. ವರ್ಡೆಲ್ ಮಿಮ್ಸ್ ನಂಬಿ ಕೆಟ್ಟಳು.

ಹರೆಯದಲ್ಲಿ ಅವಳು ರಾಸ್ಕೋ ಎಂಬುವನ ಜೊತೆ ಬಾಳುತ್ತಿದ್ದಳು. ಕುಡಿದು ಬಂದು ಹೊಡೆಯುವುದು ಅವನ ಶನಿವಾರದ ಕಸುಬು. ಒಂದು ಶನಿವಾರ ಇವಳ ಕೈಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿತು, ತಿರುಗಿಸಿ ಒಂದು ಬಾರಿಸಿದಳು. ಅವನ ಕಿವಿಯ ಮೇಲೆ ಹೊಲಿಗೆ ಬಿತ್ತು, ಇವಳ ಮೇಲೆ ಮಾರಕ ಹಲ್ಲೆಯ ಕೇಸು ಬಿತ್ತು. ಅಷ್ಟು ವರ್ಷ ಇವಳು ತಿಂದ ಏಟುಗಳನ್ನು ಯಾವ ಪೊಲೀಸಪ್ಪನೂ ಬರೆದುಕೊಂಡಿರಲಿಲ್ಲ. ವಿಚಾರಣೆಯ ದಿನ ಸಾಕ್ಷಿ ಹೇಳಬೇಕಾದ ರಾಸ್ಕೋನೇ ನಾಪತ್ತೆ. ಇನ್ನೊಬ್ಬಳ ಜೊತೆ ಫ್ಲಾರಿಡಾ ಕಡೆ ಓಡಿಹೋಗಿದ್ದ. ಸರ್ಕಾರ ಕೊಟ್ಟಿದ್ದ ವಕೀಲ ಪಡಸಾಲೆಯಲ್ಲಿ ದಾಪುಗಾಲು ಹಾಕುತ್ತಲೇ, "ನಿನ್ನ ಕೇಸನ್ನ ಸತ್ತ ಪಟ್ಟಿಗೆ ಹಾಕಿದ್ರು. ಮನೆಗೆ ಹೋಗು," ಎಂದು ಹೇಳಿ ಮುಂದಿನ ಕಕ್ಷಿಗಾರನ ಕಡೆ ನಡೆದ.

ಸತ್ತ ಪಟ್ಟಿ ಎಂದ ಮೇಲೆ ಕೇಸು ಸತ್ತಿತು ಎಂದೇ ಅಲ್ಲವೇ? ಅವಳ ತಾಯಿ ಆ ಭಾನುವಾರ ಚರ್ಚಿನವರನ್ನೆಲ್ಲ ಕರೆದು ಮೀನು ಕರಿದು ಬಡಿಸಿದಳು. ಪಾದ್ರಿ ತಟ್ಟೆ ಹಿಡಿದುಕೊಂಡು, "ಕೇಸನ್ನ ಮಣ್ಣು ಮಾಡಿದ್ದಾಯ್ತು, ಇನ್ನು ಊಟ ಮಾಡ್ರಪ್ಪ," ಎಂದು ನಗಿಸಿದ್ದ. ಜಾರ್ಜಿಯಾದ ಆ ಮೂಲೆಯಲ್ಲಿ, ಟಾಲ್‌ಮನ್ ಕೌಂಟಿಯ ಕರಿಯರ ಕೇರಿಯಲ್ಲಿ, ಸತ್ತ ಪಟ್ಟಿಗೆ ಸೇರಿದ ಕೇಸಿನವರು ಎಷ್ಟೋ ಜನ. ಎಲ್ಲರೂ ಹಾಗೆಯೇ ತಿಳಿದಿದ್ದರು.

ವರ್ಡೆಲ್ ಪೆಕನ್ ಕಾಯಿ ಒಡೆಯುವ ಕಾರ್ಖಾನೆಯಲ್ಲಿ ಸಿಪ್ಪೆ ಆರಿಸುತ್ತ ಮುದುಕಿಯಾದಳು. ಹೋದ ಚಳಿಗಾಲ ಅವಳ ಒಬ್ಬಳೇ ಮಗಳು ಲಟ್ರಿಸ್ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದು ತೀರಿಕೊಂಡಳು. ಲಟ್ರಿಸ್‌ಳ ಮಗು ಇಮಾನಿಗೆ ನಾಲ್ಕು ವರ್ಷ. ತಂದೆ ಯಾರೆಂದು ಲಟ್ರಿಸ್ ಯಾರಿಗೂ ಹೇಳಿರಲಿಲ್ಲ. ಮಕ್ಕಳ ಇಲಾಖೆಯವರು ಬಂದು ಮಗುವನ್ನು ಎತ್ತಿಕೊಂಡು ಹೋಗಿ ದೂರದ ಊರಿನ ಒಂದು ದಂಪತಿಯ ಮನೆಯಲ್ಲಿಟ್ಟರು. ಅಜ್ಜಿ ಕೇಳಿದರೆ ಅಜ್ಜಿಗೇ ಮೊದಲ ಹಕ್ಕು, ಆದರೆ ವಿಚಾರಿಸಿ ಕೊಡುತ್ತೇವೆ ಎಂದರು.

ವಿಚಾರಿಸಲು ಬಂದವಳು ಮಿಸ್ ಕಾರ್ಸ್‌ವೆಲ್. ಒಳ್ಳೆಯ ಹುಡುಗಿಯೇ. ಅಡುಗೆಮನೆಯಲ್ಲಿ ಕೂತು ಒಂದೊಂದಾಗಿ ಕೇಳುತ್ತ ಬಂದಳು.

"ನಿಮ್ಮ ಮೇಲೆ ಯಾವುದಾದ್ರೂ ಕೇಸು ಬಾಕಿ ಇದೆಯಾ, ಮಿಸ್ ಮಿಮ್ಸ್?"

ವರ್ಡೆಲ್ ನಕ್ಕುಬಿಟ್ಟಳು. "ಇಲ್ಲಮ್ಮ, ಯಾವುದೂ ಇಲ್ಲ. ನನ್ನ ಮೇಲೆ ಬಾಕಿ ಇರೋದು ಮಂಡಿನೋವು ಒಂದೇ."

ಹುಡುಗಿಯೂ ನಕ್ಕು ಬರೆದುಕೊಂಡಳು. ವರ್ಡೆಲ್‌ಳ ಬೆರಳಚ್ಚು ಪೊಲೀಸರಿಗೆ ಹೋಯಿತು, ಉತ್ತರ ಬಂತು. ಮಾರಕ ಹಲ್ಲೆ. ತೀರ್ಪು ಆಗಿಲ್ಲ. ಮಿಸ್ ಕಾರ್ಸ್‌ವೆಲ್ ಫೋನಿನಲ್ಲಿ, "ನೀವು ನನ್ ಹತ್ರ ಸುಳ್ಳು ಹೇಳಿದ್ರಿ," ಎಂದಳು. ಈಸ್ಟರ್ ಕಳೆದ ಮೇಲೆ ಮಗುವಿನ ವಿಚಾರಣೆ. ಅಷ್ಟರೊಳಗೆ ಕೇಸು ಮುಗಿದಿದೆ ಎಂದು ಕೋರ್ಟಿನಿಂದ ಬರೆಸಿ ತಂದರೆ ನೋಡೋಣ ಎಂದಳು.

ಕೋರ್ಟಿನ ದಾಖಲೆ ವಿಭಾಗದಲ್ಲಿ ಕಿಟಕಿಯ ಹಿಂದೆ ಕೂರುವವನು ಹೊರೇಸ್ ಟಟ್. ವರ್ಡೆಲ್‌ಳ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು, ಈಗಲೂ ಚರ್ಚಿನಲ್ಲಿ ಅವಳ ಹಿಂದಿನ ಸಾಲಿನಲ್ಲಿ ನಿಂತು ಅಪಸ್ವರ ಹಾಡುವವನು. ಕಂಪ್ಯೂಟರಿನಲ್ಲಿ ಸಿಗದೆ ನೆಲಮಾಳಿಗೆಗೆ ಇಳಿದು ಹೋದ. ಸೀನುತ್ತ ಮೇಲೆ ಬಂದ.

"ವರ್ಡೆಲ್, ಇದು ಸತ್ತಿಲ್ಲ ಕಣೇ."

"ಸತ್ತ ಪಟ್ಟೀಲಿದೆಯೋ ಇಲ್ವೋ?"

"ಇದೆ. ಪಟ್ಟಿ ಹೆಸ್ರು ಹಾಗೆ. ಅದ್ರಲ್ಲಿರೋದು ಯಾವ್ದೂ ಸತ್ತಿರಲ್ಲ. ಸುಮ್ನೆ ಮಲಗಿಸಿರ್ತಾರೆ. ಸರ್ಕಾರಿ ವಕೀಲ್ರಿಗೆ ಮನಸ್ಸು ಬಂದ್ರೆ ಯಾವತ್ತು ಬೇಕಾದ್ರೂ ಎಬ್ಬಿಸ್ಬಹುದು."

"ಇಷ್ಟು ವರ್ಷ ಆದ್ಮೇಲೂನಾ?"

"ನೀನು ಸತ್ರೇನೇ ಅದು ಸಾಯೋದು."

"ಹಾಗಾದ್ರೆ ಸತ್ತ ಪಟ್ಟಿ ಅಂತ ಯಾಕ್ರೋ ಕರೀತೀರ, ನಿಮ್ ಬಾಯಿಗೆ ಮಣ್ಣು ಹಾಕ! ಒಂದು ಹೆಸ್ರು ನೆಟ್ಟಗೆ ಇಡೋಕೂ ಬರಲ್ವಾ?"

"ನಾನಿಟ್ಟ ಹೆಸರಲ್ಲ ಮಾರಾಯ್ತಿ," ಎಂದ ಹೊರೇಸ್ ಮೆಲ್ಲಗೆ. "ನಿಂಗೆ ಅವತ್ತೇ ಯಾರಾದ್ರೂ ಬಿಡಿಸಿ ಹೇಳ್ಬೇಕಿತ್ತು."

ಅದನ್ನು ತೆಗೆಸುವ ದಾರಿಯನ್ನೂ ಅವನೇ ಹೇಳಿದ. ಜಡ್ಜಿಗೆ ಅರ್ಜಿ ಹಾಕಬೇಕು. ಜಡ್ಜು ಸುತ್ತಲಿನ ಕೌಂಟಿಗಳನ್ನೆಲ್ಲ ಸುತ್ತಿಕೊಂಡು ಈ ಊರಿಗೆ ಬರುವುದು ಅಪರೂಪ. ಅದಕ್ಕೂ ಮೊದಲು ಏಟು ತಿಂದವನ ಅಭಿಪ್ರಾಯ ಕೇಳಬೇಕು. ಅಂದರೆ ರಾಸ್ಕೋನನ್ನು ಹುಡುಕಿ, ಅಪ್ಪಾ ನಿನಗೆ ಬೇಸರವಿಲ್ಲ ತಾನೇ ಎಂದು ವಿಚಾರಿಸಬೇಕು! ವರ್ಡೆಲ್ ಅವನಿಗೆ ಹಿಡಿಶಾಪ ಹಾಕಿದಳು. ಆದರೂ ಅರ್ಜಿ ಹಾಕಿದಳು.

ಮಗುವಿನ ವಿಚಾರಣೆಯೇ ಮೊದಲು ಬಂತು. ಚರ್ಚಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು ಹೋದಳು. ಮಕ್ಕಳ ಜಡ್ಜು ಸೌಮ್ಯವಾಗಿಯೇ ಮಾತಾಡಿದಳು. ಹಲ್ಲೆಯ ಕೇಸು ತೆರೆದಿದೆ, ಮೇಲಾಗಿ ಕೇಳಿದಾಗ ಇಲ್ಲ ಎಂದಿದ್ದೀರಿ, ಕಾನೂನು ನನ್ನ ಕೈ ಕಟ್ಟಿದೆ ಎಂದಳು. ಮಗುವನ್ನು ಆ ದಂಪತಿಯೇ ದತ್ತು ತೆಗೆದುಕೊಳ್ಳಲು ಮುಂದೆ ಬಂದಿದ್ದರು. ಕೊನೆಯ ಭೇಟಿಗೆಂದು ಇಲಾಖೆಯ ಕೋಣೆಯೊಂದರಲ್ಲಿ ಇಮಾನಿಯನ್ನು ಕರೆತಂದರು. ಅಜ್ಜಿಯನ್ನು ಮೀಮಾ ಎನ್ನುತ್ತಿದ್ದ ಮಗುವಿಗೆ ಅದು ಕೊನೆಯದೆಂದು ಗೊತ್ತಿರಲಿಲ್ಲ.

"ಮೀಮಾ, ನಿನ್ ಮನೇಗೆ ಯಾವಾಗ ಹೋಗೋದು?"

"ಒಂದ್ ಕಾಗ್ದ ಬರ್ಬೇಕು ಕಣೇ ಚಿನ್ನ. ಬಂದ್ ತಕ್ಷಣ ಕರ್ಕೊಂಡ್ ಹೋಗ್ತೀನಿ."

ಆ ಮಾತನ್ನು ಅವಳು ಬಾಯುಪಚಾರಕ್ಕೆ ಆಡಿರಲಿಲ್ಲ. ಕಾಗದ ಬಂದರೆ ಮಗು ಬಂದೇ ಬರುತ್ತದೆಂದು ನಂಬಿದ್ದಳು. ದತ್ತು ಪೂರ್ತಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದಂತೆ, ಅಷ್ಟರಲ್ಲಿ ತನ್ನದು ಮುಗಿಯದೇ? ಬೇಸಿಗೆಯೆಲ್ಲ ಸರ್ಕಾರಿ ವಕೀಲರ ಕಚೇರಿಯ ಹೊಸ್ತಿಲು ಸವೆಸಿದಳು. ರಾಸ್ಕೋಗೆ ಹೋದ ಪತ್ರಗಳು ತಿರುಗಿ ಬಂದವು. ಎಲೆ ಉದುರುವ ಹೊತ್ತಿಗೆ ಫ್ಲಾರಿಡಾದ ಜಾಕ್ಸನ್‌ವಿಲ್‌ನಿಂದ ಉತ್ತರ ಬಂತು. ರಾಸ್ಕೋ ಸತ್ತು ಮಣ್ಣಾಗಿ ಒಂಬತ್ತು ವರ್ಷವಾಗಿತ್ತು. ಹೊಡೆಸಿಕೊಂಡವನು ಸತ್ತಿದ್ದ, ಕೇಸು ಗಟ್ಟಿಮುಟ್ಟಾಗಿ ಬದುಕಿತ್ತು.

ಕ್ರಿಸ್‌ಮಸ್ ಹತ್ತಿರವಿರುವಾಗ ಜಡ್ಜು ಊರಿಗೆ ಬಂದ, ಅರ್ಜಿ ಓದಿದ, ಸಹಿ ಹಾಕಿದ. ಮೊಟ್ಟೆ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಈ ಕೇಸು ಎಂದೂ ಇರಲೇ ಇಲ್ಲವೆಂಬಂತೆ ದಾಖಲೆಯನ್ನು ಮುಚ್ಚತಕ್ಕದ್ದು ಎಂದು ಆಜ್ಞೆ. ವರ್ಡೆಲ್ ಅದನ್ನು ಎದೆಗವಚಿಕೊಂಡು ಮಿಸ್ ಕಾರ್ಸ್‌ವೆಲ್‌ಳ ಕಚೇರಿಗೆ ಬಸ್ಸು ಹತ್ತಿದಳು.

ಹುಡುಗಿ ಅದನ್ನು ಓದಿ ಮೇಜಿನ ಮೇಲಿಟ್ಟಳು. ತಲೆ ಎತ್ತಲಿಲ್ಲ. "ಹೋದ ತಿಂಗಳೇ ದತ್ತು ಆಗೋಯ್ತು, ಮಿಸ್ ಮಿಮ್ಸ್."

"ಆಗ್ಲಿ. ಎಲ್ಲಿದಾಳೆ ಹೇಳಮ್ಮ. ದೂರದಿಂದ ನೋಡ್ಕೊಂಡು ಬರ್ತೀನಿ."

"ಹೇಳೋ ಹಾಗಿಲ್ಲ. ಆ ದಾಖಲೆ ಮುಚ್ಚಿದಾರೆ. ಹೆಸ್ರೂ ಬದಲಾಗಿದೆ."

"ಏನಂತ ಕರೀತಾರೆ ಈಗ?"

"ಅದನ್ನೂ ಹೇಳೋ ಹಾಗಿಲ್ಲ," ಎಂದಳು ಹುಡುಗಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಊರಿನ ಬಸ್ಸು ಹಿಡಿದ ವರ್ಡೆಲ್ ಮನೆಗೆ ಹೋಗಲಿಲ್ಲ, ಕೋರ್ಟಿನ ಮುಂದೆ ಇಳಿದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಮಗು ಒಂದು ದಿನ ದೊಡ್ಡದಾಗುತ್ತದೆ, ತನ್ನವರು ಯಾರು ಎಂದು ಕೇಳುತ್ತದೆ.

ಹೊರೇಸ್‌ನ ಕಿಟಕಿಯಲ್ಲಿ ಇವಳ ಹಿಂದೆ ಇನ್ನಿಬ್ಬರು ನಿಂತಿದ್ದರು. ಅವನ ಪಕ್ಕದಲ್ಲೇ ಅವನ ಮೇಲಧಿಕಾರಿ ಕೂತಿದ್ದಳು.

"ಹೊರೇಸ್, ನನ್ನ ಕೇಸನ್ನ ವಾಪಸ್ ಹಾಕ್ಸು."

"ಏನಂದೆ?"

"ಆ ಮಗು ನಾಳೆ ನನ್ನ ಹುಡ್ಕೊಂಡು ಬಂದ್ರೆ ಇಲ್ಲಿಗೇ ತಾನೇ ಬರೋದು? ನನ್ ಹೆಸ್ರಲ್ಲಿ ಮನೆ ಇಲ್ಲ, ಜಮೀನಿಲ್ಲ. ಯಾರೂ ನನ್ನ ಮದ್ವೆ ಆಗಿ ಬರೆಸ್ಲಿಲ್ಲ. ಈ ಕಟ್ಟಡದಲ್ಲಿ ನನ್ ಹೆಸ್ರು ಅಂತ ಇದ್ದಿದ್ದು ಅದೊಂದೇ ಕಡೆ. ಹೊಡೆದವ್ಳು ಅಂತಾನೇ ಇರ್ಲಿ ಬಿಡು. ಹೆಸ್ರಿರ್ಲಿ."

ಮುಚ್ಚಿದ ದಾಖಲೆಯನ್ನು ಯಾರೇ ಕೇಳಿದರೂ ಏನು ಹೇಳಬೇಕೆಂದು ಹೊರೇಸ್‌ಗೆ ಕಟ್ಟಪ್ಪಣೆ ಇತ್ತು. ಬೇರೆ ಒಂದು ಮಾತು ಆಡಿದರೂ ಕೆಲಸ ಹೋಗುತ್ತಿತ್ತು. ಅವನು ಪಕ್ಕಕ್ಕೊಮ್ಮೆ ನೋಡಿದ.

"ಆ ಹೆಸರಿನವರದ್ದು ನಮ್ಮಲ್ಲಿ ಏನೂ ಇಲ್ಲ."

"ಹೊರೇಸ್, ನಾನು ಕಣೋ. ವರ್ಡೆಲ್."

ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಏನೂ ಇಲ್ಲ," ಎಂದ, ಮತ್ತು ಅವಳ ಹಿಂದೆ ನಿಂತವನನ್ನು ಮುಂದೆ ಕರೆದ.